ಚಂದ್ರಗಿರಿ ಹೊಳೆಗೆ ಕಾಳಾಂಜಿ ಹಿಡೀಲಿಕ್ಕೆ ಹೋಗುವವರಿಗೆ

ಕಳೆದ ನವೆಂಬರಲ್ಲಿ ಎರಡು ದಿನ ಕಾಸರಗೋಡಲ್ಲಿದ್ದೆ, ಕುಂಬಳೆಯ ಭಾವನ ಜೊತೆ, ಚಂದ್ರಗಿರಿ ಹೊಳೆಯಲ್ಲಿ ಕಾಳಾಂಜಿಗೆ (ಇಂಗ್ಲಿಷಲ್ಲಿ ಸೀಬಾಸ್ ಅಂತಾರಲ್ಲ, ಆ ಮೀನಿಗೆ) ಗಾಳ ಹಾಕ್ಲಿಕ್ಕೇಂತಲೇ ಹೋದದ್ದು. ನೀವೂ ಹೋಗುದಾದ್ರೆ ರಜೆ ನೋಡಿ ಟಿಕೆಟ್ ಮಾಡ್ಬೇಡಿ, ಭರತ-ಇಳಿತ ನೋಡಿ ಮಾಡಿ. ನಾವು ಶನಿವಾರ ಅಂತ ಹೊರಟು ಮೊದಲ ದಿನ ನಾಲ್ಕು ಗಂಟೆ ಬಿಸಿಲಲ್ಲಿ ಕೂತ್ರೂ ಒಂದು ಮೀನೂ ಮುಟ್ಲಿಲ್ಲ.

ಕಾಳಾಂಜಿ ಬೇಟೆಯನ್ನು ಓಡಿಸಿಕೊಂಡು ಹೋಗಿ ಹಿಡಿಯುವ ಮೀನಲ್ಲ, ಹೊಂಚು ಹಾಕುವ ಮೀನು. ನೀರು ಇಳೀಲಿಕ್ಕೆ ಶುರುವಾದಾಗ ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಒಳಗಿಂದ ಎಟ್ಟಿ (ಸಿಗಡಿ), ಸಣ್ಣ ಮೀನು ಎಲ್ಲ ತೋಡಿನ ಬಾಯಿಗೆ ಬರ್ತದೆ, ಇದು ಅಲ್ಲೇ ಬೇರಿನ ಮರೆಯಲ್ಲೋ ಸೇತುವೆ ಕಂಬದ ಹಿಂದೆಯೋ ನಿಂತಿರ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಹಾಗಾಗಿ ನಿನ್ನೆಯ ಟೈಮಿಗೆ ಇವತ್ತು ಹೋದ್ರೆ ಲೆಕ್ಕ ತಪ್ಪಿತು.

ಎರಡನೇ ದಿನ ದೋಣಿ ಮಾಡಿ ಸರಿಯಾದ ಹೊತ್ತಿಗೆ ಹೋದೆವು. ಬೇರಿನ ಪಕ್ಕ ಲೂರ್ (ಮೀನಿನ ಹಾಗೆ ಕಾಣುವ ನಕಲಿ ಎರೆ) ಬಿದ್ದು ಎರಡು ಸುತ್ತು ಎಳೆದದ್ದಷ್ಟೇ, ಡುಬ್ ಅಂತ ಒಂದು ಶಬ್ದ, ಅದು ಬಾಯಿ ಅಗಲ ತೆರೆದು ನೀರಿನ ಜೊತೆಗೇ ಬೇಟೆಯನ್ನು ಒಳಗೆ ಎಳಕೊಳ್ಳುವ ಶಬ್ದ ಮಾರಾಯ್ರೆ, ಮತ್ತೆ ಮೇಲೆ ಹಾರಿ ತಲೆ ಕೊಡವಿ ಸೀದಾ ಬೇರಿನೊಳಗೆ ನುಗ್ಗಿತು. ಲೈನ್ ಸಡಿಲ ಆಯ್ತು. ಎಳೆದು ನೋಡಿದ್ರೆ ಲೀಡರಿನ (ಲೈನಿನ ಕೊನೆಗೆ ಕಟ್ಟುವ ಗಟ್ಟಿ ದಾರದ) ತುದಿ ಅರದಲ್ಲಿ ಉಜ್ಜಿದ ಹಾಗೆ ನಾರು ನಾರು. ತೆಳು ಲೀಡರ್ ಕಟ್ಟಿದ್ದು ನನ್ನ ತಪ್ಪು, ಕಡಿಮೆ ಅಂದ್ರೂ 40 ಪೌಂಡ್ ಭಾರ ತಡೆಯುವಂಥದ್ದು ಹಾಕಿ.

ಕತ್ತಲಾಗುವಾಗ ಇನ್ನೊಂದು ಸಿಕ್ಕಿತು, ಎರಡು ಕಿಲೋ ಇರಬಹುದು. ಟಾರ್ಚ್ ಬಿಟ್ಟಾಗ ಕಣ್ಣು ಕೆಂಡದ ಹಾಗೆ ಹೊಳೀತು. ಭಾವ ಕಿವಿರಿಗೆ ಕೈ ಹಾಕಿದ್ರು, ಅದರ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಬೆರಳು ಸೀಳಿತು. ಮೀನಿನ ಬಾಯಿ ಹಿಡಿಯುವ ಗ್ರಿಪ್ ಮತ್ತು ಇಕ್ಕಳ ಬ್ಯಾಗಲ್ಲಿ ಇರ್ಲೇಬೇಕು, ಬ್ಯಾಂಡೇಜೂ ಸಹ.

ಒಂದು ವಿಷಯ ಕೇಳ್ಕೊಳ್ತೇನೆ. ಈ ಮೀನು ಹೆಚ್ಚಾಗಿ 3-4 ವರ್ಷಕ್ಕೆ ಗಂಡಾಗಿ ಬಲಿತು, ಮತ್ತೆ 6-7 ವರ್ಷದ ಹೊತ್ತಿಗೆ ಹೆಣ್ಣಾಗ್ತದೆ. ಅಂದ್ರೆ ನಿಮಗೆ ಸಿಗುವ ಭಾರೀ ದೊಡ್ಡದು ಹೆಚ್ಚುಕಡಿಮೆ ಹೆಣ್ಣೇ, ಅಳಿವೆ ಹತ್ತಿರದ ಉಪ್ಪು ನೀರಿಗೆ ಇಳಿದು ಲಕ್ಷಗಟ್ಟಲೆ ಮೊಟ್ಟೆ ಇಡುವಂಥದ್ದು. ಅಂಥದ್ದು ಸಿಕ್ಕಿದ್ರೆ ಫೋಟೋ ತೆಗೆದು, ನೀರಲ್ಲೇ ಹಿಡ್ಕೊಂಡು ಅದು ಬಾಲ ಬೀಸುವವರೆಗೆ ಕಾದು ಬಿಟ್ಟುಬಿಡಿ.

ಹೋಗ್ಲಿಕ್ಕೆ ಕಷ್ಟ ಇಲ್ಲ, ಮಂಗಳೂರಿಂದ ರೈಲಲ್ಲಿ ಸುಮಾರು ಒಂದು ಗಂಟೆ, ಸ್ಟೇಷನ್ನಿಂದ ಹೊಳೆ ಬದಿಗೆ ಆಟೋ. ಕನ್ನಡ, ತುಳು ಎರಡೂ ನಡೀತದೆ. ಜೂನ್-ಜುಲೈ ಬೇಡ, ಹೊಳೆ ಕೆಂಪಾಗಿ ತುಂಬಿರ್ತದೆ, ಅಳಿವೆ ಬಾಗಿಲಿನ ಕಲ್ಲುಗಳ ಮೇಲೆ ಆಗ ನಿಲ್ಲೋದು ಅಪಾಯ. ಮಧ್ಯೆ ಸಮಯ ಉಳಿದ್ರೆ ಆಚೆ ದಡದ ಕೋಟೆ ಹತ್ತಿ, ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು, ಮೇಲಿಂದ ಹೊಳೆ ಕಡಲಿಗೆ ಹೋಗುವ ದಿಕ್ಕು ಚೆನ್ನಾಗಿ ಕಾಣ್ತದೆ.

ಸಾರಿಗೆ ಮೀನು ಬೇಕಾದ್ರೆ ಮಾರ್ಕೆಟಲ್ಲಿ ಸಾಕಿದ ಕಾಳಾಂಜಿ ಉಂಟಾ ಕೇಳಿ. ಚೆನ್ನೈಯ ಸಿಬಾ (ಚೌಳು ನೀರಿನ ಮೀನು ಸಾಕಣೆಯ ಕೇಂದ್ರ ಸಂಸ್ಥೆ) ಸಂಸ್ಥೆಯವರು 1997ರಲ್ಲಿ ಮರಿ ಮಾಡಿಸಿದ ಮೇಲೆ ಈಗ ಕೇರಳದ ಹಿನ್ನೀರಲ್ಲಿ ಬಲೆಯ ಗೂಡು ಕಟ್ಟಿ ಸಾಕ್ತಾರೆ. ನಾವು ಒಂದು ಕಿಲೋದ್ದು ತಗೊಂಡು ಕುಂಬಳೆಗೆ ಹೋದೆವು, ಅಕ್ಕ ಕೊತ್ತಂಬರಿ-ಮೆಣಸು ಅರೆದು ಪುಳಿಮುಂಚಿ ಮಾಡಿದ್ರು.