ಕೊಪ್ಪಳದಿಂದ ಮಸ್ಕಿಗೆ: ಎರೆ ಮಣ್ಣಿನ ದಾರಿಯಲ್ಲಿ ಕಾರ್ಬನ್ ಸೈಕಲ್ಲು

ಸಂಕ್ರಾಂತಿಯ ಮಾರನೆಯ ದಿನ ಬೆಳಗಿನ ಆರು ಗಂಟೆಗೆ, ಜಾತ್ರೆಯ ಸಿದ್ಧತೆ ನಡೆದಿದ್ದ ಕೊಪ್ಪಳದ ಗವಿಮಠದ ಮುಂದೆ ನಾವಿಬ್ಬರು ಸೈಕಲ್ ಹತ್ತಿದೆವು. ಗವಿಮಠದ ಗುಡ್ಡದ ಮೇಲೆ ಅಶೋಕನ ಕಿರು ಶಿಲಾಶಾಸನವಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇನ್ನೊಂದಿದೆ. ಗಂಗಾವತಿ, ಕಾರಟಗಿ, ಸಿಂಧನೂರುಗಳನ್ನು ಹಾದು, ಸುಮಾರು 130 ಕಿ.ಮೀ. ದಾರಿಯನ್ನು ಎರಡು ದಿನಗಳಲ್ಲಿ ಮುಗಿಸಿ, ಒಂದು ಶಾಸನದಿಂದ ಇನ್ನೊಂದಕ್ಕೆ ಹೋಗಬೇಕೆಂಬುದು ನಮ್ಮ ಲೆಕ್ಕ. ಜೊತೆಗಿದ್ದವರು ಪ್ರೌಢಶಾಲೆಯ ಮಾಸ್ತರರು. ಅವರದು ಇಪ್ಪತ್ತು ವರ್ಷ ಹಳೆಯ ಉಕ್ಕಿನ ಸೈಕಲ್ಲು. ನನ್ನದು ಹೋದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ, ಬರಿಯ ಫ್ರೇಮು ಕಿಲೋ ಚಿಲ್ಲರೆ ತೂಗುವ ಕಾರ್ಬನ್ ಸೈಕಲ್ಲು. ಸಾಮಾನು ಕಡಿಮೆ: ನನ್ನ ಫ್ರೇಮಿನ ತ್ರಿಕೋನದೊಳಗೆ ವೆಲ್ಕ್ರೋ ಪಟ್ಟಿಗಳಿಂದ ಕಟ್ಟಿದ ಒಂದು ಚೀಲ, ಸೀಟಿನ ಹಿಂದೆ ಇನ್ನೊಂದು, ಮಾಸ್ತರರ ಕ್ಯಾರಿಯರ್ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು.

ಮೊದಲು ನಿಂತದ್ದು ಕಿನ್ನಾಳದಲ್ಲಿ. ಚಿತ್ರಗಾರರ ಮನೆಯೊಂದರ ಜಗಲಿಯ ಮೇಲೆ ಹಿರಿಯರೊಬ್ಬರು ಗೊಂಬೆಯ ತೋಳನ್ನು ಮೈಗೆ ಕೂಡಿಸುತ್ತಿದ್ದರು. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಕಟ್ಟಿಗೆಯ ಹೊಟ್ಟಿನೊಂದಿಗೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಆ ಮುದ್ದೆಗೆ ಅವರು ಕಿಟ್ಟ ಎನ್ನುತ್ತಾರೆ. ನನ್ನ ಸೈಕಲ್ಲನ್ನು ಬೆರಳಿನಿಂದ ಬಡಿದು ನೋಡಿ, "ಇದು ಕಟ್ಟಿಗಿನೂ ಅಲ್ಲ, ಕಬ್ಬಿಣಾನೂ ಅಲ್ಲ. ಎದರದು ಮಾಡ್ಯಾರಿದನ್ನ?" ಎಂದು ಕೇಳಿದರು. ಕೂದಲಿಗಿಂತ ಸಣ್ಣ ಇಂಗಾಲದ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ತೋಯಿಸಿ, ಪದರದ ಮೇಲೆ ಪದರವಿಟ್ಟು, ಅಚ್ಚಿನಲ್ಲಿ ಒತ್ತಿ ಬೇಯಿಸಿದ್ದು ಎಂದೆ. "ಅಂದ್ರ ನಮ್ಮ ಕಿಟ್ಟದ ತಮ್ಮ ಇದ್ದಂಗಾತು. ಮ್ಯಾಲಿನ ಬಣ್ಣ ಹರೀದಂಗ ನೋಡಿಕೋರಿ ಸರ, ಬಣ್ಣ ಹೋತು ಅಂದ್ರ ಒಳಗಿಂದು ಉಳಿಯಂಗಿಲ್ಲ" ಎಂದರು. ಕಾರ್ಬನ್ ಫ್ರೇಮಿನ ವಿಷಯದಲ್ಲಿಯೂ ಹೇಳಬೇಕಾದ ಮೊದಲ ಮಾತು ಇದೇ. ಎಳೆಗಳಿಗೆ ಎಳೆತವನ್ನು ತಡೆಯುವ ಬಲ ಅಪಾರವಾಗಿದೆ, ಆದರೆ ಉಜ್ಜಿಸಿಕೊಳ್ಳುವ ಬಲವಿಲ್ಲ. ಹೊರಗಿನ ಪಾರದರ್ಶಕ ಲ್ಯಾಕರ್, ಅದರ ಕೆಳಗಿನ ಬಣ್ಣ, ಮೇಲುಪದರದ ಅಂಟು, ಇವು ಸವೆದ ಮೇಲೆ ತಿಕ್ಕಾಟ ನೇರವಾಗಿ ಎಳೆಗಳನ್ನೇ ಕಡಿಯತೊಡಗುತ್ತದೆ.

ಇದನ್ನು ತಿಳಿದಿದ್ದರಿಂದಲೇ ಹೊರಡುವ ಮುನ್ನ ಬ್ರೇಕು ಮತ್ತು ಗೇರಿನ ಕೇಬಲ್ಲುಗಳು ಹೆಡ್ ಟ್ಯೂಬಿಗೆ, ಎಂದರೆ ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಕೊಳವೆಗೆ, ತಾಗುವ ಜಾಗಗಳಲ್ಲಿ ಪಾಲಿಯುರೆಥೇನ್ ಫಿಲ್ಮಿನ ತುಂಡುಗಳನ್ನು ಅಂಟಿಸಿದ್ದೆ. ಸವಾರರು ಇದಕ್ಕೆ ಹೆಲಿಕಾಪ್ಟರ್ ಟೇಪು ಎನ್ನುತ್ತಾರೆ. ಮರಳಿನ ಹೊಡೆತದಿಂದ ಹೆಲಿಕಾಪ್ಟರ್ ರೆಕ್ಕೆಗಳ ಅಂಚನ್ನು ಕಾಯಲು ಬಳಸುತ್ತಿದ್ದ ವಸ್ತುವಾದ್ದರಿಂದ ಆ ಹೆಸರು ಬಂದಿದೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಕೇಬಲ್ಲು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಓಡಾಡುವುದರಿಂದ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ನನ್ನ ಕಣ್ಣು ಅಲ್ಲಿಗೆ ಮಾತ್ರ ಹೋಗಿತ್ತು ಎಂಬುದು ಗಂಗಾವತಿಯಲ್ಲಿ ಗೊತ್ತಾಯಿತು.

ಆ ದಾರಿಯಲ್ಲಿ ಮಸಾರಿ ನೆಲ ಕಳೆದು ಎರೆ ನೆಲ ಬರುತ್ತದೆ, ಬಂಡೆಗುಡ್ಡಗಳ ನಡುವೆ ತುಂಗಭದ್ರೆಯ ಎಡದಂಡೆ ಕಾಲುವೆಯ ಹಸಿರು ಕಾಣತೊಡಗುತ್ತದೆ. ಲಾರಿಗಳೆಬ್ಬಿಸಿದ ಧೂಳನ್ನು ತಿನ್ನುತ್ತ ಹನ್ನೊಂದರ ಹೊತ್ತಿಗೆ ಊರು ಮುಟ್ಟಿ, ಚಹಾದ ಅಂಗಡಿಯ ಮುಂದೆ ನೀರಿನ ಬಾಟಲಿಗಾಗಿ ಚೀಲವನ್ನು ಸರಿಸಿದಾಗ, ಮೇಲ್ಕೊಳವೆಯ ಬದಿಯಲ್ಲಿ ವೆಲ್ಕ್ರೋ ಪಟ್ಟಿಯಷ್ಟೇ ಅಗಲದ ಮಸುಕು ಕಂಡಿತು. ಪಟ್ಟಿ ಮೆತ್ತಗಿನ ನೈಲಾನಿನದು; ಅದೊಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದರ ಕೆಳಗೆ ಧೂಳು ನುಗ್ಗಿ ಕೂತಿತ್ತು, ಪ್ರತಿ ಪೆಡಲಿಗೂ ಚೀಲ ಕೂದಲೆಳೆಯಷ್ಟು ಅಲುಗಿತ್ತು, ನಾಲ್ಕು ಗಂಟೆಗಳ ಕಾಲ ಅದು ಉಪ್ಪುಕಾಗದದ ಕೆಲಸವನ್ನೇ ಮಾಡಿತ್ತು. ಬೀಳುವ ಭಯದಲ್ಲಿ ಸವಾರಿ ಮಾಡುವ ನಾವು, ನಮ್ಮ ಕೈಯಾರೆ ಬಿಗಿದು ಕಟ್ಟಿದ್ದನ್ನು ಅನುಮಾನಿಸುವುದೇ ಇಲ್ಲ.

ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಕಪ್ಪು ಹತ್ತಿತು, ಎದೆ ಧಸಕ್ಕೆಂದಿತು. ಲ್ಯಾಕರ್ ಸವೆದರೆ ಬರುವುದು ಬಿಳಿಯ ಪುಡಿ; ಕಪ್ಪು ಪುಡಿ ಬಂದರೆ ಎಳೆಗಳೇ ತೇಯುತ್ತಿವೆ ಎಂದರ್ಥ. ಆದರೆ ನಾವಿದ್ದದ್ದು ಎರೆ ನಾಡಿನಲ್ಲಿ, ಇಲ್ಲಿ ಮಣ್ಣೂ ಕಪ್ಪು. ಎದುರಿನ ಔಷಧದ ಅಂಗಡಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಅರಳೆ ತಂದು, ಮೊದಲು ನೀರು ಸುರಿದು ಮಣ್ಣನ್ನೆಲ್ಲ ತೊಳೆದು, ಆಮೇಲೆ ಹೊಸ ಅರಳೆಯಿಂದ ಒಮ್ಮೆ, ಇನ್ನೊಂದರಿಂದ ಮತ್ತೊಮ್ಮೆ ಒರೆಸಿದೆ. ಮೂರನೆಯ ಅರಳೆ ಬೆಳ್ಳಗೇ ಉಳಿಯಿತು. ಉಗುರನ್ನು ಅಡ್ಡ ಎಳೆದರೆ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಸಮಾಧಾನಕ್ಕೆಂದು ರೂಪಾಯಿ ನಾಣ್ಯದಿಂದ ಆ ಜಾಗವನ್ನೂ ಅದರ ಆಚೀಚೆಯನ್ನೂ ಮೆಲ್ಲಗೆ ಬಡಿದು ಕೇಳಿದೆ. ಪದರಗಳು ಒಳಗೆ ಬಿಟ್ಟುಕೊಂಡಿದ್ದರೆ ಟಕ್ಕೆನ್ನುವ ಸದ್ದು ಅಲ್ಲಿ ಮಂದವಾಗುತ್ತದೆ. ಕೊಳವೆಯ ಗೋಡೆಯ ದಪ್ಪ ಕೂಡುಗಳ ಹತ್ತಿರ ಬೇರೆಯಾಗುವುದರಿಂದ ಸದ್ದೂ ಬದಲಾಗುತ್ತದೆ, ಆದ್ದರಿಂದ ಅಕ್ಕಪಕ್ಕದ ಸದ್ದನ್ನೇ ಹೋಲಿಸಬೇಕು. ಸದ್ದು ಒಂದೇ ಆಗಿತ್ತು. ಮಾಸ್ತರರು ಚಹಾ ಹೀರುತ್ತ, "ನನ್ನ ಸೈಕಲ್ಲಿಗೆ ತುಕ್ಕರ ಹಿಡೀತೈತಿ, ಬಗ್ಗತೈತಿ, ಮೊದಲ ಹೇಳತೈತಿ. ನಿಮ್ಮದು ಬಾಯಿ ಬಿಡಂಗಿಲ್ಲ ನೋಡ್ರಿ" ಎಂದರು. ಉಕ್ಕಿನ ಪರವಾಗಿ ಅವರು ವರ್ಷಗಳಿಂದ ಹೇಳುತ್ತ ಬಂದದ್ದರಲ್ಲಿ ನಾನು ಒಪ್ಪಿದ ಮಾತು ಇದೊಂದೇ.

ಫಿಲ್ಮು ಮನೆಯಲ್ಲಿ ಉಳಿದಿತ್ತು. ಬಸ್ ನಿಲ್ದಾಣದ ಹತ್ತಿರ ಬೈಕುಗಳ ನಂಬರ್ ಪ್ಲೇಟು ಬರೆಯುವ ರೇಡಿಯಂ ಅಂಗಡಿಯೊಂದಕ್ಕೆ ಹೋಗಿ, ದಪ್ಪನೆಯ ಪಾರದರ್ಶಕ ಸ್ಟಿಕರ್ ಯಾವುದಾದರೂ ಕೊಡಿ ಎಂದೆ. ಅಂಗಡಿಯ ಹುಡುಗ ಫ್ರೇಮನ್ನು ನೋಡಿ, "ಅಣ್ಣಾ, ಸಾದಾ ವಿನೈಲ್ ಬ್ಯಾಡ್ರಿ. ಬಿಸಲಿಗೆ ಮುದುರತೈತಿ, ಕಿತ್ತಾಗ ಗಮ್ಮು ಅಲ್ಲೇ ಉಳೀತೈತಿ. ಕಾರಿಗೆ ಹಾಕೋ ಪಿಪಿಎಫ್ ತುಂಡು ಅದಾವ, ಅದನ್ನ ಹಾಕತೀನಿ" ಎಂದ. ಪಿಪಿಎಫ್ ಎಂದರೆ ಕಾರಿನ ಬಣ್ಣವನ್ನು ಕಾಯುವ ಫಿಲ್ಮು, ಪಾಲಿಯುರೆಥೇನಿನದೇ, ದಪ್ಪ ಸುಮಾರು 0.2 ಮಿ.ಮೀ. ಆ ಹುಡುಗನ ಕೈಕೆಲಸವನ್ನು ನೋಡುತ್ತ ನಿಂತೆ. ತುಂಡಿನ ನಾಲ್ಕೂ ಮೂಲೆಗಳನ್ನು ಮೊದಲು ಕತ್ತರಿಯಿಂದ ದುಂಡಗೆ ಮಾಡಿದ. ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಶಾಂಪೂ ಬೆರೆಸಿದ ನೀರನ್ನು ಕೊಳವೆಗೂ ಫಿಲ್ಮಿನ ಅಂಟಿನ ಬದಿಗೂ ಚಿಮುಕಿಸಿದ್ದರಿಂದ ಫಿಲ್ಮು ಕೂಡಲೇ ಹಿಡಿಯದೆ ಜಾರಾಡಿತು. ಜಾಗಕ್ಕೆ ಕೂಡಿಸಿ, ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿಗೆ ನೀರನ್ನೂ ಗುಳ್ಳೆಗಳನ್ನೂ ಒತ್ತಿ ಹೊರಗೆ ತಳ್ಳಿದ. ಬಾಗಿದ ಕಡೆ ಬಿಸಿಗಾಳಿ ಹಿಡಿದನಾದರೂ ಕಾರ್ಬನ್ನಿನ ಹತ್ತಿರ ತರಲಿಲ್ಲ, ಒಂದೇ ಕಡೆ ನಿಲ್ಲಿಸಲೂ ಇಲ್ಲ. ಪಟ್ಟಿಗಳು ತಾಗುವ ಮೂರೂ ಕಡೆ, ಹಿಮ್ಮಡಿ ಉಜ್ಜುವ ಹಿಂಬದಿಯ ಕೊಳವೆಗೆ ಎರಡೂ ಬದಿ, ಎಲ್ಲ ಸೇರಿ ಐದು ತುಂಡು. ಉಳಿದ ಚೂರನ್ನು ಕಾಗದದಲ್ಲಿ ಸುತ್ತಿ ನನ್ನ ಜೇಬಿಗೇ ಹಾಕಿದ.

ಪಕ್ಕದ ಪಂಕ್ಚರ್ ಅಂಗಡಿಯ ಯಜಮಾನರಿಂದ ಹಳೆಯ ಸೈಕಲ್ ಟ್ಯೂಬು ಪಡೆದೆ. ಗುಂಡಿ ಬಿದ್ದ ರಸ್ತೆಯಲ್ಲಿ ಚೈನು ಎಗರಿ ಬಲಗಡೆಯ ಚೈನ್‌ಸ್ಟೇಗೆ, ಎಂದರೆ ಪೆಡಲಿನ ಕಡೆಯಿಂದ ಹಿಂದಿನ ಗಾಲಿಯ ನಡುವಿಗೆ ಹೋಗುವ ಕೆಳಗಿನ ಕೊಳವೆಗೆ, ಬಡಿಯುತ್ತದೆ. ಅದಕ್ಕೆ ಫಿಲ್ಮು ಸಾಲದು, ರಬ್ಬರು ಬೇಕು. ಟ್ಯೂಬನ್ನು ಉದ್ದಕ್ಕೆ ಸೀಳಿ, ತೊಳೆದು, ಎಳೆದೆಳೆದು ಸುತ್ತಿ ತುದಿಗಳನ್ನು ಕಟ್ಟಿದೆವು. ಇದರ ಕೆಳಗೆ ನೀರೂ ಮಣ್ಣೂ ಸೇರದಿರುವುದಿಲ್ಲ, ಊರಿಗೆ ಹೋದ ಕೂಡಲೇ ಬಿಚ್ಚಲೇಬೇಕು. ಸೀಟಿನ ಚೀಲ ತೂಗಾಡುವ ಸೀಟುಕಂಬಕ್ಕೂ ಒಂದು ತುಂಡು ಸುತ್ತಿದೆ.

ಮರುದಿನದ ದಾರಿ ಬೇರೆಯೇ ಬಗೆಯದು. ಶ್ರೀರಾಮನಗರ, ಕಾರಟಗಿಗಳ ಸುತ್ತ ಸಾಲು ಸಾಲಾಗಿ ಅಕ್ಕಿ ಗಿರಣಿಗಳಿವೆ. ಹೊಟ್ಟು ಸುಟ್ಟ ಬೂದಿ ಗಾಳಿಯಲ್ಲಿ ಹಾರಿ ಬಂದು ಬೆವರಿದ ತೋಳಿಗೂ ಎಣ್ಣೆ ಹಚ್ಚಿದ ಚೈನಿಗೂ ಕೂರುತ್ತದೆ. ನೋಡಲು ಹಗುರವಾದ ಆ ಬೂದಿಯ ಬಹುಪಾಲು ಸಿಲಿಕಾ, ಎಂದರೆ ಮರಳಿನ ಜಾತಿಯದೇ. ಹತ್ತಿರದ ಗದ್ದೆಗಳಲ್ಲಿ ಎರಡನೆಯ ಬೆಳೆಗೆ ನಾಟಿಯ ಸಿದ್ಧತೆ ನಡೆದಿತ್ತು. ಕೆಸರು ಗದ್ದೆಯಿಂದ ಕಬ್ಬಿಣದ ಗಾಲಿಗಳೊಂದಿಗೆ ಮೇಲೆದ್ದು ಬಂದ ಟ್ರ್ಯಾಕ್ಟರುಗಳು ರಸ್ತೆಯ ಉದ್ದಕ್ಕೂ ಎರೆ ಮಣ್ಣಿನ ಹೆಂಟೆಗಳನ್ನು ಉದುರಿಸಿದ್ದವು. ನನ್ನ 28 ಮಿ.ಮೀ. ಟೈರಿಗೂ ಫ್ರೇಮಿಗೂ ನಡುವೆ ಇರುವುದು ಐದಾರು ಮಿ.ಮೀ. ಜಾಗ. ಅರ್ಧ ಕಿ.ಮೀ. ಹೋಗುವಷ್ಟರಲ್ಲಿ ಹುಲ್ಲಿನ ಎಸಳುಗಳೊಂದಿಗೆ ಮಣ್ಣು ಅಲ್ಲಿ ಗಚ್ಚಾಗಿ, ಟೈರು ಕರಕರ ಉಜ್ಜತೊಡಗಿತು. ಬಿರುಸಾಗಿ ತುಳಿದರೆ ಹೋಗಬಹುದಿತ್ತು, ಆದರೆ ಗಾಲಿ ಒಂದೊಂದು ಸುತ್ತಿಗೂ ಆ ಮಣ್ಣನ್ನು ಚೈನ್‌ಸ್ಟೇಯ ಒಳಬದಿಗೆ ತಿಕ್ಕುತ್ತಿತ್ತು, ಯಾರ ಕಣ್ಣಿಗೂ ಬೀಳದ ಜಾಗವದು. ಇಳಿದೆ. ಚಾಕು, ಸ್ಪೋಕು ಬೇಡವೆಂದು ಜಾಲಿಯ ಕಡ್ಡಿಯೊಂದನ್ನು ಮುರಿದುಕೊಂಡು ಮಣ್ಣು ಕೆದಕಿ, ಬಾಟಲಿಯ ನೀರು ಸುರಿದೆ. ಸಿಂಧನೂರು ಸೇರುವ ಮುನ್ನ ಹೀಗೆ ನಾಲ್ಕು ಸಲ ಇಳಿದದ್ದಾಯಿತು. ಮಾಸ್ತರರ ಮಡ್‌ಗಾರ್ಡಿನಲ್ಲಿಯೂ ಮಣ್ಣು ತುಂಬಿತ್ತು, ಅವರು ಒಮ್ಮೆಯೂ ಇಳಿಯಲಿಲ್ಲ, ಮುಂದೆ ಹೋಗಿ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಕಾಯುತ್ತಿದ್ದರು.

ಮಸ್ಕಿಯನ್ನು ಸಂಜೆ ನಾಲ್ಕರ ಸುಮಾರಿಗೆ ಮುಟ್ಟಿದೆವು. ದುರ್ಗದ ಗುಡ್ಡದ ಈ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಕಂಡುಹಿಡಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇದರಲ್ಲಿ ಸಿಕ್ಕಿದ್ದರಿಂದ ಆ ಬಿರುದಿನವನು ಯಾರೆಂಬ ಪ್ರಶ್ನೆ ಬಗೆಹರಿಯಿತು. ಅಕ್ಷರಗಳು ಅಲ್ಲಲ್ಲಿ ಸವೆದಿವೆ. ಎರಡು ಸಾವಿರ ವರ್ಷಗಳ ಗಾಳಿ, ಮಳೆಗೆ ಬಂಡೆ ಕೊಟ್ಟದ್ದು ಅಷ್ಟೇ, ನಿಮ್ಮ ಸೈಕಲ್ಲು ಕೊಪ್ಪಳದಿಂದ ಗಂಗಾವತಿಗೆ ಬರುವಷ್ಟರಲ್ಲಿ ಇಷ್ಟು ಕೊಟ್ಟಿದೆ ಎಂದು ಮಾಸ್ತರರು ನಕ್ಕರು.

ಮರಳಿ ಬರಲು ಕೊಪ್ಪಳದ ಕಡೆ ಖಾಲಿ ಹೊರಟಿದ್ದ ಪಿಕಪ್ ಗಾಡಿಯೊಂದು ಸಿಕ್ಕಿತು. ಚಾಲಕ ಸೈಕಲ್ಲನ್ನು ತಗಡಿಗೆ ಒರಗಿಸಿ, ಮೇಲ್ಕೊಳವೆಯ ಮೇಲೆ ಹಗ್ಗ ಹಾಯಿಸಿ, ಕಾಲು ಕೊಟ್ಟು ಬಿಗಿಯಲು ಅಣಿಯಾದ. ಆ ಕೊಳವೆಯ ಗೋಡೆ ಎಷ್ಟು ತೆಳುವೆಂದರೆ ಹಿಂಡಿದ ಬಿಗಿತಕ್ಕೆ ಸೀಳಬಹುದು. "ತಮ್ಮಾ, ಅಲ್ಲಿ ಕಟ್ಟಬ್ಯಾಡ. ಎರಡೂ ಗಾಲಿಗೆ ಕಟ್ಟು, ಸೀಟಿನ ಕಂಬಕ್ಕೊಂದು ಸುತ್ತು ಹಾಕು" ಎಂದೆ. ಅವನು ಸೀಟಿನಡಿಯಿಂದ ಹಳೆಯ ಕೌದಿಯೊಂದನ್ನು ತೆಗೆದು ಕೊಡವಿ, ಫ್ರೇಮಿಗೂ ತಗಡಿಗೂ ನಡುವೆ ಮಡಚಿಟ್ಟ.

ರಾತ್ರಿ ಮನೆಯಲ್ಲಿ ಟ್ಯೂಬು ಬಿಚ್ಚಿದಾಗ ಒಳಗಿನಿಂದ ಎರಡು ಚಮಚದಷ್ಟು ಬೂದುಬಣ್ಣದ ಪುಡಿ ಉದುರಿತು. ಮೇಲ್ಕೊಳವೆಯ ಪಟ್ಟಿಯಡಿಯ ಫಿಲ್ಮಿನ ಮೇಲೆ ಉಗುರಿಗೆ ಸಿಗುವಷ್ಟು ಆಳದ ಎರಡು ಗೀರುಗಳಿದ್ದವು. ಹೆಂಡತಿಯ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಒಂದು ಮೂಲೆಯಿಂದ ಮೆಲ್ಲಗೆ, ಮೇಲಕ್ಕೆತ್ತದೆ ಹಿಂದಕ್ಕೆ ಮಡಚಿಕೊಳ್ಳುತ್ತ ಅದನ್ನು ಕಿತ್ತೆ. ಕೆಳಗೆ ಗಂಗಾವತಿಯಲ್ಲಿ ಕಂಡ ಬಿಳಿ ಮಸುಕು ಇದ್ದಷ್ಟೇ ಇತ್ತು. ಜೇಬಿನಲ್ಲಿದ್ದ ಚೂರು ಆ ಜಾಗಕ್ಕೆ ಸರಿಯಾಗಿ ಸಾಕಾಯಿತು.