ನೋವು ಹೋಯ್ತು, ಹೊಟ್ಟೆ ಕಟ್ಟಿತು

ಮಗನ ತೊಡೆಮೂಳೆಗೆ ಮೈಸೂರಿನಲ್ಲಿ ಆಪರೇಷನ್ ಆಯಿತು. ವಾರ್ಡಿಗೆ ಬಂದವರೆಲ್ಲ ಕೇಳಿದ್ದು ‘ನೋವು ಹೇಗಿದೆ ಪುಟ್ಟಾ?’ ಒಬ್ಬ ನರ್ಸ್ ಮಾತ್ರ ಬಂದಾಗಲೆಲ್ಲ, ‘ಮೋಷನ್ ಆಯ್ತಾ? ಗಾಳಿಯಾದ್ರೂ ಹೋಗ್ತಿದೆಯಾ?’ ಅನ್ನುತ್ತಿದ್ದರು. ಅವನಿಗೋ ನಾಚಿಕೆ, ಹೊದಿಕೆಯೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದ.

ನೋವಿಗೆ ಮಾರ್ಫಿನ್ ಕೊಡುತ್ತಿದ್ದರು. ಅದು ಕರುಳನ್ನೂ ನಿಧಾನ ಮಾಡುತ್ತದಂತೆ. ಮಲ ಒಳಗೇ ಉಳಿದಷ್ಟೂ ಕರುಳು ಅದರ ನೀರು ಹೀರಿಕೊಳ್ಳುತ್ತದೆ, ಗಟ್ಟಿಯಾಗುತ್ತದೆ. ಮಾರ್ಫಿನ್ ತರುವ ಮಂಪರಿಗೆ ಮೈ ಒಗ್ಗಿಕೊಂಡರೂ ಕರುಳು ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. ಹಾಗಾಗಿ ಹೊಟ್ಟೆ ಕಟ್ಟುವ ತನಕ ಕಾಯದೆ, ಮಾರ್ಫಿನ್ ಜೊತೆಗೇ ಮಲ ಸಡಿಲಿಸುವ ಪುಡಿಯನ್ನೂ ಶುರು ಮಾಡಿದ್ದರು. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಹೆಸರು. ಮಲದಲ್ಲಿ ನೀರು ಉಳಿಸುವುದೇ ಅದರ ಕೆಲಸ.

ಮಂಡ್ಯದಿಂದ ಅಜ್ಜಿ ಬಂದರು, ಕೈಯಲ್ಲಿ ಬಾಳೆಹಣ್ಣು, ಬಾಯಲ್ಲಿ ಹರಳೆಣ್ಣೆ. ಹಣ್ಣು ತಿನ್ನಲಿ, ಆದರೆ ಮಾರ್ಫಿನ್ ಕಟ್ಟಿಹಾಕಿದ ಹೊಟ್ಟೆಗೆ ಅದೊಂದೇ ಸಾಲದು ಅಂದರು ಡಾಕ್ಟರ್. ಹರಳೆಣ್ಣೆ ಬೇಡವೇ ಬೇಡ. ನೀರು ಹೀರಿ ಉಬ್ಬುವ ಇಸಬ್‌ಗೋಲನ್ನೂ ಬೇಡ ಅಂದರು. ಗುಟುಕು ನೀರಿಗೂ ಮುಖ ಸಿಂಡರಿಸುವ ಮಗುವಿಗೆ ಅದು ಒಳಗೇ ಗಟ್ಟಿಯಾಗಿ ಕೂರಬಹುದು. ಅಜ್ಜಿಗೆ ಬೇಜಾರಾಯಿತು. ಹೊರಗೆ ಹೋಗಿ ಅತ್ತೆಗೆ ಫೋನ್ ಮಾಡಿ ದೂರಿದ್ದೂ ಆಯಿತು.

ನಿಜವಾದ ಕಷ್ಟ ಬೆಡ್‌ಪ್ಯಾನ್‌ದು. ಪಕ್ಕದ ಮಂಚದಲ್ಲಿ ಇನ್ನೊಬ್ಬ ಹುಡುಗ, ಮಧ್ಯೆ ತೆಳ್ಳಗಿನ ಪರದೆ. ದೊಡ್ಡವರಿಗೇ ಆಗಲ್ಲ, ಮಕ್ಕಳಿಗೆ ಆಗುತ್ತಾ? ಬಂದರೂ ಬಿಗಿ ಹಿಡಿಯುತ್ತಿದ್ದ. ತಿಂಡಿ ತಿಂದ ಮೇಲೆ ಕರುಳು ತಾನಾಗೇ ಚುರುಕಾಗುತ್ತದೆ, ಆಗಲೇ ಪ್ರಯತ್ನಿಸಿ ಅಂತ ನರ್ಸ್ ಹೇಳಿಕೊಟ್ಟರು. ಇಡ್ಲಿ ತಿಂದಾದ ಮೇಲೆ ಮಂಚದ ತಲೆಕಡೆ ಎತ್ತರಿಸಿ ಕೂರಿಸಿದರು. ಒಂದು ಗ್ಲೌಸ್ ಕೊಟ್ಟು ‘ಊದು’ ಅಂದರು. ಉಸಿರು ಬಿಗಿದು ತಿಣುಕುವುದಕ್ಕಿಂತ ಊದಿದರೆ ಹೊಟ್ಟೆಯ ಒತ್ತಡ ಸರಿಯಾಗಿ ಕೆಳಕ್ಕೆ ಬೀಳುತ್ತದೆ. ಗ್ಲೌಸಿನ ಐದೂ ಬೆರಳು ಸೆಟೆದು ನಿಂತವು. ಕೆನ್ನೆ ಉಬ್ಬಿಸಿಕೊಂಡೇ ‘ಅಜ್ಜಿ ಆಚೆ ಹೋಗ್ಲಿ’ ಅಂತ ಸನ್ನೆ ಮಾಡಿದ. ಅಜ್ಜಿ ಹೋದರು. ಆಯಿತು.

ಡಿಸ್ಚಾರ್ಜ್ ಆದಾಗ ಮಾರ್ಫಿನ್ ಮಾತ್ರೆಯ ಕೆಳಗೇ ಆ ಪುಡಿಯನ್ನೂ ಬರೆದುಕೊಟ್ಟರು. ಮಾತ್ರೆ ಇರುವವರೆಗೂ ಪುಡಿ ನಿಲ್ಲಿಸಬೇಡಿ, ತೀರಾ ತೆಳ್ಳಗೆ ಹೋದರೆ ಫೋನ್ ಮಾಡಿ, ಕಡಿಮೆ ಮಾಡೋಣ ಅಂದರು. ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ ಕೊಟ್ಟರೆ ಮಾರ್ಫಿನ್ ಕಡಿಮೆ ಸಾಕಾಗುತ್ತದೆ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ಹಸಿರು ವಾಂತಿಯಾದರೆ ಮಾತ್ರ ಪುಡಿ ಕಲಸುತ್ತಾ ಕೂರದೆ ತಕ್ಷಣ ಕರೆದುಕೊಂಡು ಬರಬೇಕು. ಇದನ್ನು ಅಜ್ಜಿಗೇ ಎರಡು ಸಲ ಹೇಳಿದರು.