ಓಲಗದ ಕೋಣೆಗಳು

ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಗೆ ಹೆಚ್ಚಿನವರು ಡಯಾನಾಳ ನೆನಪಿನಿಂದ ಹೋಗುತ್ತಾರೆ. ನಾನು ಹೋದದ್ದು ಡಬ್ಲಿನ್ನಿನ ಒಬ್ಬ ಪಾದ್ರಿಯ ಜಾಡು ಹಿಡಿದು. ಚಿಕ್ಕಂದಿನಲ್ಲಿ ಲಿಲಿಪುಟ್ಟಿನ ಕಥೆ ಓದಿ ನಕ್ಕಿದ್ದ ನನಗೆ, ಅದನ್ನು ಬರೆದ ಜೊನಾಥನ್ ಸ್ವಿಫ್ಟ್ ಒಂದು ಹುದ್ದೆಯ ಆಸೆಯಿಂದ ರಾಣಿಯ ಪರಿವಾರದ ಸುತ್ತ ವರ್ಷಗಟ್ಟಲೆ ಸುಳಿದಾಡಿದವನೆಂದು ತಿಳಿದದ್ದು ಬಹಳ ತಡವಾಗಿ.

ಟಿಕೆಟ್ ತೋರಿಸಿ ಒಳಗೆ ಹೋದರೆ ಅರಸನ ಮೆಟ್ಟಿಲುಸಾಲು ಎದುರಾಗುತ್ತದೆ. 1720ರ ದಶಕದಲ್ಲಿ ವಿಲಿಯಂ ಕೆಂಟ್ ಇದರ ಗೋಡೆಗಳ ಮೇಲೆ ಒಂದನೆಯ ಜಾರ್ಜನ ಊಳಿಗದವರನ್ನೇ ಚಿತ್ರಿಸಿದ್ದಾನೆ. ಕಟಕಟೆಗೆ ಒರಗಿ ನಿಂತು ಅವರು ಇಂದಿಗೂ ಮೇಲೇರುವವರನ್ನು ತೂಗಿ ನೋಡುತ್ತಿರುವಂತಿದೆ. ಅರಸನ ತುರ್ಕಿ ಸೇವಕರಾದ ಮುಸ್ತಫಾ ಮತ್ತು ಮಹಮ್ಮದ್ ಅಲ್ಲಿದ್ದಾರೆ. ಹಸಿರು ಕೋಟು ತೊಟ್ಟು ಓಕ್ ಎಲೆಗಳನ್ನು ಹಿಡಿದ ಗುಂಗುರುಗೂದಲಿನ ಹುಡುಗ ಪೀಟರ್. ಜರ್ಮನಿಯ ಕಾಡಿನಲ್ಲಿ ಸಿಕ್ಕಿ, 1726ರಲ್ಲಿ ಅರಮನೆಯ ವಿನೋದಕ್ಕೆಂದು ಲಂಡನ್ನಿಗೆ ಬಂದವನು. ಅವನಿಗೆ ಮಾತು ಕಲಿಸುವ ಹೊಣೆ ಸ್ವಿಫ್ಟನ ಗೆಳೆಯ, ವೈದ್ಯ ಅರ್ಬತ್‌ನಾಟನ ಪಾಲಿಗೆ ಬಂದಿತ್ತು. ದೊಡ್ಡವರ ನಡುವೆ ಪ್ರದರ್ಶನದ ವಸ್ತುವಾಗಿ ನಿಂತ ಆ ಹುಡುಗನ ಮುಖವನ್ನು ನೋಡುತ್ತಿದ್ದಂತೆ, ದೈತ್ಯರ ನಾಡಿನ ರಾಣಿ ಪೆಟ್ಟಿಗೆಯಲ್ಲಿಟ್ಟು ಸಾಕಿದ, ಸ್ವಿಫ್ಟನ ಕಥಾನಾಯಕ ಗಲಿವರ್ ನೆನಪಾದ.

ಮೆಟ್ಟಿಲು ಹತ್ತಿದ ಮೇಲೆ ಒಂದರೊಳಗೊಂದು ತೆರೆದುಕೊಳ್ಳುವ ಕೋಣೆಗಳು. ಆ ಕಾಲದಲ್ಲಿ ಒಳ್ಳೆಯ ಉಡುಪಿದ್ದವರಿಗೆ ಮೊದಲ ಕೋಣೆ ಸಿಕ್ಕೀತು. ಮುಂದಿನ ಒಂದೊಂದು ಬಾಗಿಲಿಗೂ ಇನ್ನಷ್ಟು ದೊಡ್ಡ ಹೆಸರು ಬೇಕು. ಕನ್ನಡದಲ್ಲಿ ಓಲಗವೆಂದರೆ ರಾಜಸಭೆಯೂ ಹೌದು, ಸೇವೆಯೂ ಹೌದು. ಈ ಕೋಣೆಗಳ ಏರ್ಪಾಡನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯಲಿಲ್ಲ.

1710ರಿಂದ 1713ರವರೆಗೆ ಲಂಡನ್ನಿನಲ್ಲಿದ್ದ ಸ್ವಿಫ್ಟ್, ಡಬ್ಲಿನ್ನಿನಲ್ಲಿದ್ದ ಗೆಳತಿ ಸ್ಟೆಲ್ಲಾಳಿಗೆ ಬರೆದ ಪತ್ರಗಳಲ್ಲಿ ಆನ್ ರಾಣಿಯ ಪರಿವಾರದ ಒಳಹೊರಗುಗಳೆಲ್ಲ ಇವೆ. ರಾಜನಿವಾಸವಿದ್ದ ವಿಂಡ್ಸರಿನಲ್ಲಿ ರಾಣಿ ಒಂಟಿ ಕುದುರೆಯ ಗಾಡಿಯನ್ನು ತಾನೇ ಹೊಡೆದುಕೊಂಡು ಬೇಟೆಗೆ ಧಾವಿಸುತ್ತಿದ್ದುದನ್ನು ಅವನು ಬೆರಗಿನಿಂದ ವರ್ಣಿಸುತ್ತಾನೆ. ಮಂತ್ರಿಗಳ ಪರವಾಗಿ ಲೇಖನಿ ಹಿಡಿದಿದ್ದ ಅವನಿಗೆ ರಾಣಿಯ ಆಪ್ತ ಸೇವಕಿ ಅಬಿಗೇಲ್ ಮ್ಯಾಶಮ್‌ಳ ಸ್ನೇಹವೂ ಇತ್ತು. ಆದರೂ 1711ರ ಕೊನೆಗೆ, ರಾಣಿಗೆ ಅತ್ಯಂತ ಹತ್ತಿರದವಳಾದ ಸಾಮರ್ಸೆಟ್ ಡಚೆಸ್ಸಳ ಕೆಂಪು ಕೂದಲನ್ನು ಗೇಲಿ ಮಾಡಿ, ಹಿಂದಿನ ಗಂಡನ ಕೊಲೆಯಲ್ಲಿ ಅವಳ ಕೈವಾಡವಿತ್ತೆಂದು ಸೂಚಿಸುವ ಪದ್ಯ ಬರೆದ. ಅಚ್ಚು ಹಾಕಿಸಬೇಡವೆಂದು ಮ್ಯಾಶಮ್ ಎಚ್ಚರಿಸಿದ್ದಳು. ಬುದ್ಧಿವಂತರು ಇಂಥ ಕಡೆಯೇ ಎಡವುತ್ತಾರೆ. ಇಂಗ್ಲೆಂಡಿನಲ್ಲಿ ಅವನಿಗೆ ಏನೂ ದೊರೆಯಲಿಲ್ಲ. 1713ರಲ್ಲಿ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲಿನ ಡೀನ್, ಅಂದರೆ ಮುಖ್ಯ ಪಾದ್ರಿಯ, ಪದವಿ ಸಿಕ್ಕಿತು, ಅದನ್ನು ಅವನು ಗಡೀಪಾರೆಂದೇ ಎಣಿಸಿದ. ಮರುವರ್ಷ ಆಗಸ್ಟ್ 1ರಂದು ರಾಣಿ ಇದೇ ಕೆನ್ಸಿಂಗ್ಟನ್ ಅರಮನೆಯಲ್ಲಿ ತೀರಿಕೊಂಡಳು.

1726ರಲ್ಲಿ ಅವನು ಮತ್ತೆ ಲಂಡನ್ನಿಗೆ ಬಂದಾಗ ಒಂದನೆಯ ಜಾರ್ಜನ ಸೊಸೆ, ಯುವರಾಣಿ ಕ್ಯಾರೊಲಿನ್ ಅವನನ್ನು ಕರೆಸಿಕೊಂಡಳು. ಆಕೆಯ ಸೇವಕಿ ಹೆನ್ರಿಯೆಟ್ಟಾ ಹೊವರ್ಡಳಿಗೆಂದು ಅವನು ಕಳಿಸಿದ ಐರಿಷ್ ಬಟ್ಟೆಯನ್ನು ಯುವರಾಣಿ ತಾನೇ ಇಟ್ಟುಕೊಂಡಳು. ಅವನಿಗೆ ಕೊಡುವೆನೆಂದಿದ್ದ ಪದಕಗಳು ಮಾತ್ರ ಬರಲೇ ಇಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಗಲಿವರನ ಕಥೆ ಹೊರಬಂತು. ಅದರಲ್ಲಿ ಲಿಲಿಪುಟ್ಟಿನ ಹುದ್ದೆಯಾಕಾಂಕ್ಷಿಗಳು ಹಗ್ಗದ ಮೇಲೆ ಕುಣಿಯುತ್ತಾರೆ. ಅರಸ ಹಿಡಿದ ಕೋಲಿನ ಮೇಲೆ ಹಾರಿ, ಕೆಳಗೆ ನುಸುಳಿ ರೇಷ್ಮೆ ಎಳೆಗಳನ್ನು ಗೆಲ್ಲುತ್ತಾರೆ. ಆ ಎಳೆಗಳು ನೀಲಿ, ಕೆಂಪು, ಹಸಿರು, ಅಂದರೆ ಇಂಗ್ಲೆಂಡಿನ ಅರಸ ಕೊಡುತ್ತಿದ್ದ ಮೂರು ಬಿರುದುಗಳ ರಿಬ್ಬನ್ನುಗಳ ಬಣ್ಣಗಳು. ಹೆದರಿದ ಲಂಡನ್ ಪ್ರಕಾಶಕ ಮೊದಲ ಮುದ್ರಣದಲ್ಲಿ ಬಣ್ಣಗಳನ್ನೇ ಬದಲಿಸಿದ್ದ. ಅಸಲು ಬಣ್ಣಗಳು 1735ರ ಡಬ್ಲಿನ್ ಮುದ್ರಣದಲ್ಲಿ ಮರಳಿದವು.

ಎರಡು ದಿನಗಳ ಬಳಿಕ ಡಬ್ಲಿನ್ನಿಗೆ ಹಾರಿದೆ. ಡಬ್ಲಿನ್ ಕೋಟೆಯಿಂದ ಸೇಂಟ್ ಪ್ಯಾಟ್ರಿಕ್ಕಿಗೆ ಹತ್ತು ನಿಮಿಷದ ನಡಿಗೆ. ಒಳಗೆ ಹೋದವರು ಬಾಗಿಲಿಗೆ ಹತ್ತಿರದಲ್ಲೇ ನೆಲದಲ್ಲಿರುವ ಸ್ವಿಫ್ಟ್ ಮತ್ತು ಸ್ಟೆಲ್ಲಾರ ಹಿತ್ತಾಳೆ ಫಲಕಗಳನ್ನು ಗಮನಿಸದೆ ದಾಟುತ್ತಿದ್ದರು. ಗೋಡೆಯ ಕಪ್ಪು ಕಲ್ಲಿನಲ್ಲಿ ಅವನೇ ಲ್ಯಾಟಿನ್ನಿನಲ್ಲಿ ಬರೆದಿಟ್ಟ ಸಮಾಧಿಬರಹವಿದೆ. ಅದರಲ್ಲಿ ರಾಣಿಯ ಹೆಸರಿಲ್ಲ, ವಿಂಡ್ಸರಿಲ್ಲ. ಗಡೀಪಾರೆಂದು ಹಳಿದಿದ್ದ ಆ ಡೀನ್ ಪದವಿ ಮಾತ್ರ ಇದೆ.